ಮೊದಲು ಮುಟ್ಟುವ ಕೈ

ನಮ್ಮ ಸಂಚಾರಿ ದವಾಖಾನೆಯ ಡ್ರೈವರನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವನ ಬರಿಗಾಲು. ನಾನು ಆ ವ್ಯಾನಿನ ನರ್ಸು. ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಅದರೊಳಗೇ ನಮ್ಮ ಕೆಲಸ, ಅದರೊಳಗೇ ನಿದ್ದೆ. ದೀಪಕ್ಕೆ ಬ್ಯಾಟರಿ ಇತ್ತು. ಕರೆಂಟು ಬಂದಿದ್ದ ಊರಾದರೆ ಅವನು ಹಿಟ್ಟಿನ ಗಿರಣಿಯಿಂದ ವೈರು ಎಳೆಯುತ್ತಿದ್ದ. ಎಳೆದಾದ ಮೇಲೆ ಚಪ್ಪಲಿ ಬಿಟ್ಟು, ನೆಲಕ್ಕೆ ಒಂದು ತಂಬಿಗೆ ನೀರು ಸುರಿದು, ಆ ಹಸಿಯಲ್ಲಿ ನಿಂತು ವ್ಯಾನಿನ ತಗಡನ್ನು, ಕರೆಂಟು ಇಳಿದಿದ್ದರೆ ಅಂಗೈ ಅಂಟಿಕೊಂಡೀತೆಂದು, ಹಿಂಗೈಯಿಂದ ಮುಟ್ಟುತ್ತಿದ್ದ.

“ಮದಲ ನಾ ಮುಟ್ತೀನಿ, ಆಮ್ಯಾಗ ನೀವು ಹತ್ರಿ.”

ಚಪ್ಪಲಿ ಹಾಕಿಕೊಂಡೇ ಮುಟ್ಟಿದರೆ ಏನಾಗ್ತದೆ ಎಂದು ಒಮ್ಮೆ ಕೇಳಿದೆ.

“ಹತ್ತೋ ಮಂದಿ ಬರಿಗಾಲಲೇ ಬರ್ತಾರಲ್ರಿ, ಅಕ್ಕೋರ,” ಅಂದ.

ಸೇಡಂ ಕಡೆಯ ಮುಧೋಳದಲ್ಲಿ ಒಂದು ಸಂಜೆ, ಅವನು ವೈರು ಜೋಡಿಸಿ ಮುಗಿಸುವಷ್ಟರಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳನ್ನು ಬಂಡಿಯಲ್ಲಿ ತಂದರು. “ಲಗೂ ಒಳಗ ಬಿಡಪ್ಪಾ, ಸಾಯಾಕತ್ಯಾಳ,” ಎಂದು ಅವಳ ಅತ್ತೆ ಬೈದಳು. ಅವನು ತಂಬಿಗೆ ಎತ್ತಿ ನೀರು ಸುರಿದ, ಮುಟ್ಟಿದ. ಮರುಗಳಿಗೆ ದೂರ ಬಿದ್ದಿದ್ದ. ತಗಡಿಗೆ ಕರೆಂಟು ಇಳಿದಿತ್ತು. ಎದ್ದವನೇ ಗಿರಣಿಗೆ ಹೋಗಿ ವೈರು ಕಿತ್ತು ಬಂದ. ಮತ್ತೆ ನೀರು ಸುರಿದ, ಮತ್ತೆ ಮುಟ್ಟಿದ.

“ಈಗ ಹತ್ತಸ್ರಿ. ಬ್ಯಾಟರಿ ಮ್ಯಾಲ ಆಗ್ತದ.”

ಆ ಮಂದ ಬೆಳಕಿನಲ್ಲೇ ಕೂಸು ಹುಟ್ಟಿತು. ಅತ್ತೆ ಅದನ್ನು ಹೊರಗೆ ತಂದು, ಮೆಟ್ಟಿಲ ಬಳಿ ಕುಂತಿದ್ದ ಅವನ ಮುಂದೆ ಹಿಡಿದಳು. “ಮದಲ ನೀ ಮುಟ್ಟಪ್ಪಾ,” ಅಂದಳು.

ಅವನು ಚಪ್ಪಲಿ ಬಿಟ್ಟು ಎದ್ದು ನಿಂತ. ಕೂಸಿನ ಗಲ್ಲವನ್ನೂ ಹಿಂಗೈಯಿಂದಲೇ ಮುಟ್ಟಿದ.