ಆನೆಯ ಹೊಟ್ಟೆಯ ಮೇಲಿನ ಹೆಸರು

ಹಳೇ ಪ್ಲಾಸ್ಟಿಕ್ ಆಟದ ಸಾಮಾನು ಯಾರು ಮಾಡಿದ್ದು ಅಂತ ಹೇಳುವುದರಲ್ಲಿ ಚನ್ನಗಿರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಸ್ಪರ್ಧೆಗೆ ಇನ್ಯಾರೂ ಇಲ್ಲ, ಅದು ಬೇರೆ ಮಾತು. ನ್ಯಾಮತಿ, ಜಗಳೂರಿನಿಂದೆಲ್ಲ ಬಾಲ ಮುರಿದ ಕುದುರೆ, ಕಣ್ಣು ಹೋದ ಬಾತುಕೋಳಿಗಳ ಫೋಟೊ ಮೊಬೈಲಿಗೆ ಬರುತ್ತವೆ. 'ಮೊದಲು ಹೊಟ್ಟೆ ತೋರಿಸಿ' ಅನ್ನುತ್ತೇನೆ, ಡಾಕ್ಟರ ಗತ್ತಿನಲ್ಲಿ. ಕಂಪನಿಯ ಹೆಸರು ಹೊಟ್ಟೆಯ ಮೇಲೇ ಇರುತ್ತದೆ. ಅದನ್ನು ಓದಿ ಹೇಳುವುದಕ್ಕೆ ಯಾವ ಪಾಂಡಿತ್ಯವೂ ಬೇಡ ಎಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು.

ಹೋದ ವರ್ಷ ಹೊನ್ನಾಳಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. ಒಂದು ಕಾಲಕ್ಕೆ ಅವರೂ ಅವರ ಯಜಮಾನರೂ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಒಡೆದ ಬಕೆಟ್ಟು ಕೊಡ ಕರಗಿಸಿ, ಕೈಮಷೀನಿನಲ್ಲಿ ಆಟದ ಸಾಮಾನು ಒತ್ತುತ್ತಿದ್ದರಂತೆ. ಯಜಮಾನರು ತೀರಿಹೋದರು, ಮಷೀನು ಗುಜರಿಗೆ ಹೋಯಿತು, ಮನೆಯಲ್ಲಿ ಒಂದು ಗೊಂಬೆಯೂ ಉಳಿಯಲಿಲ್ಲ.

"ನಾನೂ ಕಾರ್ಖಾನೆ ಕೆಲ್ಸ ಮಾಡೀನಿ ಅಂದ್ರೆ ಮೊಮ್ಮಗಳು ನಗ್ತಾಳ್ರೀ. ಒಂದಾದ್ರೂ ಸಿಕ್ರೆ ತೋರಿಸ್ಬೇಕು," ಅಂದರು.

ನಾನು ಕೂಡಿಟ್ಟಿದ್ದ ಹೆಸರಿಲ್ಲದ ಲೋಕಲ್ ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡು ಹೊನ್ನಾಳಿ ಬಸ್ಸು ಹತ್ತಿದೆ. ಜತೆಗೆ ಬೊಂಬಾಯಿ ಕಂಪನಿಯ ಕೆಂಪು ಆನೆಯನ್ನೂ ಇಟ್ಟುಕೊಂಡೆ, ಬರೀ ಜಂಬಕ್ಕೆ. ನನ್ನ ಸಂಗ್ರಹದ ಪಟ್ಟದಾನೆ ಅದು.

ಚಾಪೆಯ ಮೇಲೆ ಹರಡಿದ್ದನ್ನೆಲ್ಲ ಅಜ್ಜಿ ಒಂದೊಂದಾಗಿ ಆಚೆ ತಳ್ಳಿದರು. ಆನೆ ಕೈಗೆ ಬಂದಾಗ ಹೊಟ್ಟೆ ನೋಡಲೇ ಇಲ್ಲ. ಬಲಗಿವಿಯ ಹಿಂದೆ ಹೆಬ್ಬೆರಳು ಆಡಿಸಿ, "ಇದು ನಮ್ದು" ಅಂದರು.

ನನಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಹೊಟ್ಟೆ ಮೇಲೆ ಬೊಂಬಾಯಿ ಕಂಪನಿ ಹೆಸ್ರು ಐತಲ್ಲ!"

"ಬೊಂಬಾಯಿ ಆನೆ ಇಟ್ಟೇ ಅಚ್ಚು ತೆಗ್ಸಿದ್ವಿ, ಹೆಸ್ರೂ ಅದ್ರ ಜತೆ ಬಂತು. ಅಳಿಸಾಕೆ ಟೈಮ್ ಯಾರಿಗಿತ್ತು? ಆ ಅಚ್ಚಿನ ಕಿವಿ ಹತ್ರ ಒಂದು ಚೂರು ಹಾರಿತ್ತು. ಎಲ್ಲಾ ಆನೆಗೂ ಅಲ್ಲೊಂದು ಗಂಟು ಬರ್ತಿತ್ತು. ಅದನ್ನ ಬ್ಲೇಡಲ್ಲಿ ಕೊಯ್ತಿದ್ದೋಳು ನಾನು. ಮುಟ್ಟಿ ನೋಡ್ರಿ."

ಮುಟ್ಟಿದೆ. ಕೊಯ್ದ ಗುರುತು ಇತ್ತು. ಜಗಳೂರಿನವರೊಬ್ಬರ ಮನೆಯ ಅಂಥದೇ ಆನೆಗಿಂತ ನನ್ನದು ಉಗುರಿನಷ್ಟು ಗಿಡ್ಡ. ವಯಸ್ಸಾದ ಮೇಲೆ ಪ್ಲಾಸ್ಟಿಕ್ಕೂ ಕುಗ್ಗುತ್ತದೆ ಅಂತ ಅವರಿಗೆ ಭಾಷಣ ಬೇರೆ ಬಿಗಿದಿದ್ದೆ. ಅಸಲಿ ಆನೆಯಿಂದ ತೆಗೆದ ಅಚ್ಚಿನಲ್ಲಿ ಒತ್ತಿದ ಬಿಸಿ ಪ್ಲಾಸ್ಟಿಕ್ ಆರುವಾಗ ಕುಗ್ಗಿದ್ದು ಅದು.

ಅಷ್ಟರಲ್ಲಿ ಮೊಮ್ಮಗಳು ಕಾಲೇಜಿನಿಂದ ಬಂದಳು. ಅಜ್ಜಿ "ನೋಡು, ನಾ ಮಾಡಿದ್ದು" ಅಂತ ಎರಡೂ ಕೈಯಲ್ಲಿ ಆನೆ ಹಿಡಿದು ಕೊಟ್ಟರು. ಹುಡುಗಿ ಅದನ್ನು ಮಗುಚಿ ಓದಿ, "ಬೊಂಬಾಯಿ ಅಂತ ಬರ್ದೈತಲ್ಲ ಅಂಕಲ್!" ಅಂತ ನಕ್ಕಳು. ಅಜ್ಜಿ ನನ್ನ ಮುಖ ನೋಡಿದರು.

ಹೌದು ಅಂದುಬಿಟ್ಟರೆ ಪಟ್ಟದಾನೆ ಚೀಲಕ್ಕೆ ವಾಪಸು, ನನ್ನ ಮರ್ಯಾದೆಯೂ ಭದ್ರ. ಆ ಯೋಚನೆ ಬಂತು, ಸುಳ್ಳೇಕೆ ಹೇಳಲಿ.

"ಅದನ್ನ ನಂಬಿ ನಾನೇ ಇಷ್ಟು ವರ್ಷ ಮಂಗ ಆಗಿದ್ದೆ ಕಣಮ್ಮ. ಕಿವಿ ಹಿಂದೆ ಮುಟ್ಟಿ ನೋಡು. ಇದು ನಿಮ್ಮ ಅಜ್ಜಿ ಮಾಡಿದ್ದು."

ಹುಡುಗಿ ಮುಟ್ಟಿದಳು. ನಗು ನಿಂತಿತು. ಇನ್ನೊಮ್ಮೆ ಮುಟ್ಟಿ, ಹೆಗಲ ಬ್ಯಾಗನ್ನೂ ಇಳಿಸದೆ ಅಜ್ಜಿಯ ಪಕ್ಕ ಕೂತು, ಇಂಥವನ್ನು ದಿನಕ್ಕೆ ಎಷ್ಟು ಮಾಡ್ತಿದ್ರಿ ಅಂತ ಕೇಳಿದಳು.