ಸೈಕಲ್ಲಿಗೆ ನೆರಳು ಬಿಟ್ಟುಕೊಟ್ಟವಳು

ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದೆ. ಮೊದಲ ದಿನ ನಮ್ಮೂರು ಕುಂಭಾರಿಯಿಂದ, ಯಾರನ್ನೋ ಕೇಳಿ ತಂದ ಸೈಕಲ್ ತುಳಿದು, ಸೊಲ್ಲಾಪುರದ ಗಲ್ಲಿಗಳಲ್ಲಿ ದಾರಿ ತಪ್ಪಿ ಕಾಲೇಜು ಮುಟ್ಟಿದಾಗ ಗಂಟೆ ಹೊಡೆದಿತ್ತು. ಸೈಕಲ್ಲಿಗೆ ಕೀಲಿ ಇರಲಿಲ್ಲ. ಗೇಟಿನ ಬೇವಿನಡಿ ಶೇಂಗಾ ಮಾರುತ್ತಿದ್ದ ಮುದುಕಿ, “ನೀ ಹೋಗಿ ಬರಿಯೋ ಯಪ್ಪಾ, ಗಾಡಿ ನಾ ನೋಡ್ತೀನಿ” ಅಂದಳು.

ಹೊರಬಂದಾಗ ಸೈಕಲ್ ನೆರಳಲ್ಲಿತ್ತು, ಆಕೆ ಬಿಸಿಲಲ್ಲಿ ಕೂತಿದ್ದಳು. “ಬಿಸಲಿಗೆ ಟ್ಯೂಬ್ ಒಡದ್ರ ನಿಮ್ಮಪ್ಪ ಹೊತಗೊಂಡು ಹೋಗ್ತಾನೇನು?” ಎಂದು ನಕ್ಕಳು. ಎಲ್ಲ ಪರೀಕ್ಷೆಗೂ ಹಾಗೆಯೇ ಕಾದಳು.

ಪಾಸಾದ ಮೇಲೆ ಪೇಢೆ ಒಯ್ದೆ. ಅರ್ಧ ನನ್ನ ಬಾಯಿಗೇ ಇಟ್ಟು ಕೇಳಿದಳು: “ಇನ್ನ ಪರೀಕ್ಷಾ ಇಲ್ಲಂದ್ರ ನೀ ಬರಾಂಗಿಲ್ಲಲ್ಲೋ?”

“ಬರ್ತೀನಿ ಆಯಿ” ಅಂದೆ.

ನೌಕರಿ ಸಿಕ್ಕಿತು. ಆ ಗೇಟಿನ ಕಡೆ ಮತ್ತೆ ಕೆಲಸ ಬೀಳಲಿಲ್ಲ. ಕೆಲಸವಿಲ್ಲದೆಯೂ ಹೋಗಬಹುದಿತ್ತು.