ಎಲೆಯಲ್ಲಿ ಬಿಟ್ಟು ಏಳುವವರು

ಅವಳು ಎಲೆ ಮಡಚಿಬಿಟ್ಟಳು. ಒಳಗೆ ಅರ್ಧ ಜಾಂಗ್ರಿ, ಮುಕ್ಕಾಲು ವಡೆ, ಒಂದಿಷ್ಟು ಅನ್ನ. ನನಗೆ ಹೊಟ್ಟೆ ಉರಿದುಹೋಯಿತು.

ಅವಳು ಅಂದರೆ ಜ್ಯೋತಿ, ನನ್ನ ಮೈದುನನ ಹೆಂಡತಿ. ಕಳೆದ ವಾರ ನಮ್ಮ ತಮಿಳುನಾಡಿನ ತೇನಿ ಕಡೆಯ ಮಾರ್ಕಯನ್‌ಕೋಟ್ಟೈಯಲ್ಲಿ ನೆಂಟರ ಮಗುವಿಗೆ ಕಿವಿ ಚುಚ್ಚಿಸಿದ ಊಟಕ್ಕೆ ಇಬ್ಬರೂ ಹೋಗಿದ್ದೆವು. ಸಕ್ಕರೆ ಕಾಯಿಲೆ ಇಬ್ಬರ ಬಾಗಿಲಲ್ಲೂ ನಿಂತಿದೆ. "ತೂಕ ಇಳಿಸಿಕೊಂಡು ಬನ್ನಿ, ಇಲ್ಲದಿದ್ದರೆ ಮಾತ್ರೆ ಶುರು" ಎಂದು ತೇನಿಯ ಡಾಕ್ಟರಮ್ಮ ಮೂರು ತಿಂಗಳ ಹಿಂದೆಯೇ ಇಬ್ಬರಿಗೂ ಹೇಳಿದ್ದರು. ಮಾತ್ರೆ ಎಂದರೆ ನನಗೆ ಭಯ. (ನನ್ನ ಅವ್ವ ಒಂದು ಮಾತ್ರೆಯಿಂದ ಶುರುಮಾಡಿ ಇನ್ಸುಲಿನ್ ಸೂಜಿಯವರೆಗೆ ಹೋದವಳು.)

ಬಡಿಸುತ್ತಿದ್ದ ಆ ಮನೆಯ ಅತ್ತೆ ಸುಮ್ಮನಿರುತ್ತಾರೆಯೇ?

"ಏನವ್ವ ಜ್ಯೋತಿ, ಜಾಂಗ್ರಿ ಬ್ಯಾಡ್ವಾ? ನಮ್ಮನೇದು ರುಸಿ ಇಲ್ವಾ?"

"ರುಸಿ ಸೂಪರ್ ಅತ್ತೆ. ಪೋದುಂ, ಹೊಟ್ಟೆ ತುಂಬೋಯ್ತು."

ಪೋದುಂ! ಸಾಕಂತೆ! ಎಷ್ಟು ಸಲೀಸು ನೋಡಿ.

ಅತ್ತೆ ನನ್ನ ಕಡೆ ತಿರುಗಿದರು. "ನಿನ್ನ ಎಲೆ ನೋಡಕ್ಕೇ ಚೆಂದ ತಾಯಿ, ತೊಳ್ದಂಗೈತೆ. ಇನ್ನೊಂದು ಹಾಕ್ಲಾ?"

ಹಾಕಿದರು. ತಿಂದೆ.

ನಾನು ಕೆಮಿಸ್ಟ್ರಿ ಬಿಎಸ್ಸಿ, ಶಾಲೆಯಲ್ಲಿ ಟೀಚರ್. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಕ್ಯಾಲೊರಿ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಣಮಟ್ಟದಲ್ಲೂ ನಾನು ಬಲು ಸ್ಟ್ರಿಕ್ಟ್. ಪಾಮಾಯಿಲ್ ಹೋಗಿ ಗಾಣದ ಕಡಲೆಕಾಯಿ ಎಣ್ಣೆ ಬಂತು. ಬೇಕರಿ ಪಫ್ಸ್ ಹೋಗಿ ಬಾದಾಮಿ ಬಂತು. ಪರೋಟಾ ಹೋಗಿ ಸಾಮೆ ಅನ್ನ ಬಂತು.

ತೂಕ? ಅಲ್ಲೇ.

ಏಕೆಂದರೆ ಗಾಣದ ಎಣ್ಣೆಗೂ ಗ್ರಾಮಿಗೆ ಒಂಬತ್ತು ಕ್ಯಾಲೊರಿಯೇ. ಒಳ್ಳೆಯ ಮನೆತನದ ಎಣ್ಣೆ ಎಂದು ದೇಹ ರಿಯಾಯಿತಿ ಕೊಡುವುದಿಲ್ಲ. ಒಳ್ಳೆಯ ಊಟ ಬೇಗ ಹಸಿವಾಗದಂತೆ ತಡೆಯುತ್ತದೆ, ನಿಜ. ಆದರೆ ನಾನು ಹಸಿವಿಗೆ ತಿನ್ನುವವಳಲ್ಲ, ತಟ್ಟೆಯಲ್ಲಿ ಇದೆಯೆಂದು ತಿನ್ನುವವಳು!

ನನ್ನ ಅಪ್ಪ ಅವ್ವ ಬೇರೆಯವರ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. (ಜ್ಯೋತಿಯ ತವರಿನವರಿಗೆ ಅಂಥ ತೋಟ ಸ್ವಂತದ್ದು.) ನಾನು ತಟ್ಟೆಯಲ್ಲಿ ಅನ್ನ ಬಿಟ್ಟರೆ ಅವ್ವ ಬೈಯುತ್ತಿರಲಿಲ್ಲ. ಸುಮ್ಮನೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ತಿನ್ನುತ್ತಿದ್ದಳು. ಅವಳಿಗೆ ಏನೂ ಉಳಿದಿರಲಿಲ್ಲ ಎಂದು ನನಗೆ ಗೊತ್ತಾಗುತ್ತಿದ್ದುದೇ ಆಗ. ಆಮೇಲೆ ನಾನು ಬಿಡಲಿಲ್ಲ. ಇವತ್ತಿನವರೆಗೂ.

ಸೋಮವಾರ ಇಬ್ಬರೂ ತೇನಿಗೆ ಹೋದೆವು. ಜ್ಯೋತಿ ಮೂರು ಕೆಜಿ ಇಳಿದಿದ್ದಾಳೆ! ಅವಳು ಪರೋಟಾ ಬಿಟ್ಟಿಲ್ಲ, ಟೀಗೆ ಸಕ್ಕರೆ ಬಿಟ್ಟಿಲ್ಲ. ಎಲ್ಲವನ್ನೂ ಅರ್ಧ ತಿಂದು ಏಳುತ್ತಾಳೆ, ಅಷ್ಟೇ. "ರಕ್ತ ಕಮ್ಮಿ ಇದೆ. ಬರೀ ಕಡಿಮೆ ತಿಂದರೆ ಆಗಲ್ಲಮ್ಮ, ಸೊಪ್ಪು ಕಾಳು ತಿನ್ನಬೇಕು" ಎಂದು ಡಾಕ್ಟರಮ್ಮ ಅವಳನ್ನು ಗದರಿದರು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ?

ನನ್ನ ಸರದಿ ಬಂತು. ಅರ್ಧ ಕೆಜಿ ಜಾಸ್ತಿ. "ನೀವು ಒಳ್ಳೆಯದನ್ನೇ ತಿಂತೀರಿ ಟೀಚರ್. ಆದರೆ ತುಂಬಾ ತಿಂತೀರಿ" ಎಂದು ಮಾತ್ರೆ ಬರೆದರು.

ಬಸ್ಸಿನಲ್ಲಿ ಜ್ಯೋತಿ ಸಮಾಧಾನ ಮಾಡಿದಳು. "ಬೇಜಾರಾಗ್ಬ್ಯಾಡಕ್ಕಾ. ಹೊಟ್ಟೆ ತುಂಬ್ದೇಟ್ಗೆ ಬಿಟ್ಬುಡು. ಈಜಿ."

"ಬಿಟ್ರೆ ಅದನ್ನ ಯಾರ್ ತಿಂತಾರೆ?"

"ಯಾರ್ಯಾಕೆ ತಿನ್ಬೇಕು? ಮಾಡಿಗೆ ಹಾಕಾದು." ಮಾಡು ಎಂದರೆ ದನ.

ಅವಳು ನಕ್ಕಳು. ಅಣಕಿಸಲಿಲ್ಲ, ನನ್ನ ಪ್ರಶ್ನೆಯೇ ಅವಳಿಗೆ ಅರ್ಥವಾಗಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ಬಿಡಲು ಬಾರದವರು ಮೊದಲೇ ಕಡಿಮೆ ಬಡಿಸಿಕೊಳ್ಳಬೇಕು. ಈಗ ಹಾಗೇ ಮಾಡುತ್ತಿದ್ದೇನೆ, ಮಾತ್ರೆಯ ಜೊತೆಗೆ. ಆದರೂ ಕೇಳುತ್ತೇನೆ: ಪದವಿ ನನಗೆ ಒಂದೇ ತಲೆಮಾರಿನಲ್ಲಿ ಸಿಕ್ಕಿತು, ತಟ್ಟೆಯಲ್ಲಿ ಬಿಟ್ಟು ಏಳುವ ಧೈರ್ಯ ಸಿಗಲು ಇನ್ನೆಷ್ಟು ತಲೆಮಾರು ಬೇಕು?